ರಾಜನನ್ನು ಪರೀಕ್ಷಿಸದೆ ವರದಿ ಬರೆದ ವೈದ್ಯ: ಬೆರ್ನ್‌ಹಾರ್ಟ್ ಫಾನ್ ಗುಡೆನ್ ಕುರಿತು ಒಂದು ಪ್ರಶ್ನೆ

ತುಂಗಾತೀರ (ಚರ್ಚೆ ಆರಂಭಿಸಿದವರು)

ಬವೇರಿಯಾದ ದೊರೆ ಎರಡನೇ ಲುಡ್ವಿಗ್‌ನ ಹೆಸರು ಗೊತ್ತಿಲ್ಲದವರೂ ಅವನು ಕಟ್ಟಿಸಿದ ನಾಯ್‌ಶ್ವಾನ್‌ಸ್ಟೈನ್ ಕೋಟೆಯನ್ನು ಯಾವುದಾದರೂ ಕ್ಯಾಲೆಂಡರಿನಲ್ಲಿ ನೋಡಿಯೇ ಇರುತ್ತಾರೆ. ಆದರೆ 1886ರ ಜೂನ್ 13ರ ರಾತ್ರಿ ಸ್ಟಾರ್ನ್‌ಬೆರ್ಗ್ ಸರೋವರದಲ್ಲಿ ಅವನ ಪಕ್ಕದಲ್ಲೇ ಹೆಣವಾಗಿ ಸಿಕ್ಕ ವೈದ್ಯ ಯಾರು, ಅಲ್ಲಿಯವರೆಗೆ ಏನು ಮಾಡಿಕೊಂಡಿದ್ದ ಎಂದು ಕೇಳುವವರು ಕಡಿಮೆ. ಕಳೆದ ಕೆಲವು ವಾರಗಳಿಂದ ನಾನು ಈ ಮನುಷ್ಯನ ಬಗ್ಗೆ ಓದುತ್ತಿದ್ದೇನೆ, ಓದಿದಷ್ಟೂ ಗೊಂದಲ ಹೆಚ್ಚಾಗಿದೆ.

ಬೆರ್ನ್‌ಹಾರ್ಟ್ ಗುಡೆನ್ 1824ರಲ್ಲಿ ರೈನ್ ಸೀಮೆಯ ಕ್ಲೇವೆ ಎಂಬ ಊರಿನಲ್ಲಿ ಹುಟ್ಟಿದ. ಹಾಲೆಯಲ್ಲಿ ವೈದ್ಯ ಪದವಿ ಪಡೆದ ಮೇಲೆ ಸೀಗ್‌ಬುರ್ಗ್ ಆಸ್ಪತ್ರೆಯಲ್ಲಿ ಮ್ಯಾಕ್ಸಿಮಿಲಿಯನ್ ಯಾಕೋಬಿಯ ಕೈಕೆಳಗೆ, ಆಮೇಲೆ ಇಲ್ಲೆನಾವ್‌ನಲ್ಲಿ ಕ್ರಿಸ್ಟಿಯಾನ್ ರೋಲರ್‌ನ ಕೈಕೆಳಗೆ ಪಳಗಿದ. ಇಬ್ಬರೂ ಆ ಕಾಲದ ಜರ್ಮನಿಯಲ್ಲಿ ಹುಚ್ಚಾಸ್ಪತ್ರೆ ನಡೆಸುವುದು ಹೇಗೆಂದು ಇತರರಿಗೆ ತೋರಿಸಿಕೊಟ್ಟವರು. 1855ರಲ್ಲಿ, ಇನ್ನೂ 31ನೇ ವಯಸ್ಸಿನಲ್ಲಿ, ವೆರ್ನೆಕ್ ಆಸ್ಪತ್ರೆಯ ನಿರ್ದೇಶಕನಾದ. 1869ರಲ್ಲಿ ಜ್ಯೂರಿಕ್‌ನ ಬುರ್ಗ್‌ಹೋಲ್ಜ್ಲಿ ಆಸ್ಪತ್ರೆಗೆ ಕರೆ ಬಂತು, 1872ರ ಹೊತ್ತಿಗೆ ಮ್ಯೂನಿಕ್ ಆಸ್ಪತ್ರೆಯ ಹೊಣೆಯೂ ಪ್ರಾಧ್ಯಾಪಕ ಹುದ್ದೆಯೂ ಒಟ್ಟಿಗೆ ಸಿಕ್ಕವು. ರಾಜನ ತಮ್ಮ ಒಟ್ಟೊನ ಚಿಕಿತ್ಸೆಯನ್ನು ವಹಿಸಿಕೊಂಡ, 1875ರಲ್ಲಿ ಹೆಸರಿಗೆ 'ಫಾನ್' ಎಂಬ ಕುಲೀನ ಪದವಿಯ ಗುರುತು ಸೇರಿತು.

ಇಷ್ಟು ಅನುಭವವಿದ್ದ ಮನುಷ್ಯ, ಇನ್ನು ಮೂವರು ವೈದ್ಯರ ಸಹಿಯೊಂದಿಗೆ, 1886ರ ಜೂನ್ 8ರಂದು ತನ್ನ ದೊರೆಗೆ ವಾಸಿಯಾಗದ ಹುಚ್ಚು ಹಿಡಿದಿದೆ ಎಂದು ವರದಿ ಕೊಟ್ಟ. ನಾಲ್ವರಲ್ಲಿ ಒಬ್ಬರೂ ಆ ವರದಿಗಾಗಿ ರಾಜನನ್ನು ಪರೀಕ್ಷಿಸಿರಲಿಲ್ಲ. ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಬಲ್ಲವರು ತಿಳಿಸಿ.

ಸಂದೇಹಿ

ಇದರಲ್ಲಿ ಅರ್ಥಮಾಡಿಕೊಳ್ಳಲು ಏನಿದೆ ಸ್ವಾಮಿ, ಸರ್ಕಾರಕ್ಕೆ ಒಂದು ಕಾಗದ ಬೇಕಿತ್ತು, ವೈದ್ಯರು ಬರೆದುಕೊಟ್ಟರು.

ಹಳೇ ಕರಿಕೋಟು

ಸಂದೇಹಿಯವರ ಮಾತು ಅರ್ಧ ಮಾತ್ರ ನಿಜ. ನಾನು ವಕೀಲಿ ವೃತ್ತಿಯಿಂದ ನಿವೃತ್ತನಾದವನಾದ್ದರಿಂದ ಕಾನೂನಿನ ಕಡೆಯಿಂದ ನೋಡುತ್ತೇನೆ. ಬವೇರಿಯಾದ 1818ರ ಸಂವಿಧಾನದ ಪ್ರಕಾರ ರಾಜನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಆಡಳಿತ ನಡೆಸಲು ಅಶಕ್ತನಾದರೆ ಮಾತ್ರ ಅವನ ಬದಲಿಗೆ ಪ್ರತಿನಿಧಿಯೊಬ್ಬನನ್ನು ಕೂರಿಸಬಹುದಿತ್ತು. ಸಾಲ ಮಾಡಿದ್ದಾನೆ, ಮಂತ್ರಿಗಳ ಮುಖ ನೋಡುವುದಿಲ್ಲ, ಹಗಲು ಮಲಗಿ ರಾತ್ರಿ ಜಾರುಬಂಡಿಯಲ್ಲಿ ತಿರುಗುತ್ತಾನೆ ಎಂಬುದೆಲ್ಲ ದೂರುಗಳೇ ಹೊರತು ಕಾನೂನಿನ ಕಾರಣಗಳಲ್ಲ. 1885ರ ಹೊತ್ತಿಗೆ ಸಾಲ ಸುಮಾರು 1.4 ಕೋಟಿ ಮಾರ್ಕ್ ಮುಟ್ಟಿತ್ತು. ಪ್ರಧಾನಿ ಯೋಹಾನ್ ಫಾನ್ ಲುಟ್ಸ್‌ನ ಮಂತ್ರಿಮಂಡಲಕ್ಕೆ ತನ್ನ ಕುರ್ಚಿಯ ಚಿಂತೆಯೂ ಇತ್ತು.

ಈಗ ವರದಿಯ ತೀರ್ಮಾನವನ್ನು ಓದಿ. ರಾಜನಿಗೆ ಪ್ಯಾರನೋಯಾ ಎಂಬ ಭ್ರಮೆಯ ಕಾಯಿಲೆ ಇದೆ, ಅದು ವಾಸಿಯಾಗುವುದಿಲ್ಲ, ಆದ್ದರಿಂದ ಅವನ ಅಶಕ್ತತೆ ಒಂದು ವರ್ಷಕ್ಕಿಂತ ಹೆಚ್ಚು ಕಾಲವಷ್ಟೇ ಅಲ್ಲ, ಜೀವಮಾನವಿಡೀ ಇರುತ್ತದೆ. ಸಂವಿಧಾನದ ಕಲಮನ್ನು ಎದುರಿಗಿಟ್ಟುಕೊಂಡು ಬರೆದ ವಾಕ್ಯ ಇದು ಎಂದು ಯಾವ ವಕೀಲನಿಗಾದರೂ ಮೊದಲ ಓದಿಗೇ ತಿಳಿಯುತ್ತದೆ. ಎರಡು ದಿನದ ನಂತರ, ಜೂನ್ 10ರಂದು, ಚಿಕ್ಕಪ್ಪ ಲುಯಿಟ್‌ಪೋಲ್ಡ್ ರಾಜಪ್ರತಿನಿಧಿಯಾದ.

ಸಹಿ ಹಾಕಿದವರನ್ನೂ ಗಮನಿಸಿ. ಎರ್ಲಾಂಗೆನ್‌ನ ಹಾಗೆನ್ ಒಬ್ಬರನ್ನು ಬಿಟ್ಟರೆ, ಗ್ರಾಶೈ ಗುಡೆನ್‌ರ ಸ್ವಂತ ಅಳಿಯ. ಹುಬ್ರಿಕ್ ಹಿಂದೆ ಗುಡೆನ್ ನಡೆಸುತ್ತಿದ್ದ ವೆರ್ನೆಕ್ ಆಸ್ಪತ್ರೆಯ ಆಗಿನ ನಿರ್ದೇಶಕ. ಮಾವ ಬರೆದ ವರದಿಗೆ ಅಳಿಯ ಸ್ವತಂತ್ರ ಅಭಿಪ್ರಾಯ ಕೊಟ್ಟನೆಂದು ನಾನು ಯಾವ ನ್ಯಾಯಾಲಯದಲ್ಲೂ ವಾದಿಸಲಾರೆ.

ಕಲ್ಲುಸಕ್ಕರೆ

ರಾಜನಿಗೆ ಹುಚ್ಚೆಂದು ಕೆಳಗಿಳಿಸಿದರು, ಅವನು ಸತ್ತ ಮೇಲೆ ಕಿರೀಟ ಹೋದದ್ದು ಯಾರಿಗೆ? ಅದಾಗಲೇ ವರ್ಷಗಳಿಂದ ಅದೇ ಗುಡೆನ್‌ನ ಆರೈಕೆಯಲ್ಲಿದ್ದ ತಮ್ಮ ಒಟ್ಟೊಗೆ. ಅವನ ಹೆಸರಿನಲ್ಲಿಯೂ ಚಿಕ್ಕಪ್ಪನೇ ರಾಜ್ಯವಾಳಿದ.

ವಾರ್ಡ್ ನಂ. 7

ನಾನು ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಓದುತ್ತಿದ್ದೇನೆ. ಗುಡೆನ್ ಎಂದರೆ ಆ ನಾಲ್ಕು ದಿನಗಳಷ್ಟೇ ಎಂಬಂತೆ ಚರ್ಚೆ ಹೊರಟಿರುವುದರಿಂದ, ಅವರ ಬದುಕಿನ ಉಳಿದ 62 ವರ್ಷಗಳ ಪರವಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಕ್ಷಮಿಸಿ.

ವೆರ್ನೆಕ್ ಎಂಬುದು ವ್ಯುರ್ತ್ಸ್‌ಬುರ್ಗ್‌ನ ರಾಜ-ಬಿಷಪ್ಪರು ಬೇಸಿಗೆ ಕಳೆಯಲು ಬಾಲ್ತಜಾರ್ ನಾಯ್‌ಮನ್‌ನಿಂದ ಕಟ್ಟಿಸಿಕೊಂಡ ಅರಮನೆ. ಅದನ್ನು ಆಸ್ಪತ್ರೆಯಾಗಿ ಮಾರ್ಪಡಿಸಿ ಗುಡೆನ್‌ರ ಕೈಗೆ ಕೊಟ್ಟರು. ಆಗ ಜರ್ಮನ್ ಆಸ್ಪತ್ರೆಗಳಲ್ಲಿ ರೋಗಿಯ ಕೈಗಳನ್ನು ತೋಳಿನ ಅಂಗಿಯಿಂದ ಬಿಗಿಯುವುದು, ಕುರ್ಚಿಗೆ ಪಟ್ಟಿಗಳಿಂದ ಕಟ್ಟುವುದು ಮಾಮೂಲಿಯಾಗಿತ್ತು. ಇಂಗ್ಲೆಂಡಿನ ಹಾನ್‌ವೆಲ್‌ನಲ್ಲಿ ಜಾನ್ ಕೊನೊಲಿ 1839ರಿಂದ ಇವೆಲ್ಲವನ್ನೂ ಕೈಬಿಟ್ಟು ತೋರಿಸಿದ್ದರೂ, ಜರ್ಮನ್ ವೈದ್ಯರಲ್ಲಿ ಬಹಳ ಮಂದಿ ಅದನ್ನು ಒಪ್ಪಿರಲಿಲ್ಲ. ಗುಡೆನ್ ಒಪ್ಪಿದರು, ತಮ್ಮ ಆಸ್ಪತ್ರೆಯಲ್ಲಿ ಮಾಡಿಯೂ ತೋರಿಸಿದರು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಕೆಲಸ. ಹುಚ್ಚಾಸ್ಪತ್ರೆಗಳಲ್ಲಿ ಎಷ್ಟೋ ರೋಗಿಗಳ ಕಿವಿ ರಕ್ತ ತುಂಬಿಕೊಂಡು ಊದಿ, ಆಮೇಲೆ ಸುಕ್ಕುಗಟ್ಟಿ ಮುದುಡಿಹೋಗುತ್ತಿತ್ತು. ಮಿದುಳಿನ ರೋಗವೇ ಕಿವಿಗೆ ಇಳಿದಿದೆ, ಇದು ಹುಚ್ಚಿನದೇ ಒಂದು ಲಕ್ಷಣ ಎಂದು ದೊಡ್ಡ ದೊಡ್ಡ ವೈದ್ಯರು ಬರೆದಿದ್ದರು. ಗುಡೆನ್ 1860ರ ಲೇಖನದಲ್ಲಿ ಅದನ್ನು ತಳ್ಳಿಹಾಕಿದರು. ಕಿವಿ ಊದಿದ್ದು ಏಟಿನಿಂದ. ಏಟು ಕೊಟ್ಟವರು ಪರಿಚಾರಕರು. 1870ರಲ್ಲಿ ಪಕ್ಕೆಲುಬುಗಳ ಬಗ್ಗೆ ಬರೆದರು. ಸತ್ತ ರೋಗಿಗಳ ಎದೆಯನ್ನು ಬಿಚ್ಚಿ ನೋಡಿದಾಗ ಮುರಿದು ಕೂಡಿಕೊಂಡ ಪಕ್ಕೆಲುಬುಗಳು ಸಿಗುತ್ತಿದ್ದವು, ಹುಚ್ಚರ ಮೂಳೆಯೇ ಪೆಡಸು ಎಂಬ ವಿವರಣೆ ಸಿದ್ಧವಾಗಿತ್ತು. ಮೂಳೆಯಲ್ಲಿ ದೋಷವಿಲ್ಲ, ನೆಲಕ್ಕೆ ಕೆಡವಿ ಎದೆಯ ಮೇಲೆ ಮೊಣಕಾಲೂರಿದರೆ ಯಾರ ಪಕ್ಕೆಲುಬಾದರೂ ಮುರಿಯುತ್ತದೆ ಎಂಬ ದಿಕ್ಕಿನಲ್ಲಿ ಅವರು ವಾದಿಸಿದರು. ತನ್ನ ಸಂಬಳದ ಪಟ್ಟಿಯಲ್ಲಿರುವ ನೌಕರರೇ ತಪ್ಪಿತಸ್ಥರು ಎಂದು ಅಚ್ಚುಹಾಕಿಸಲು ಒಬ್ಬ ಆಸ್ಪತ್ರೆಯ ನಿರ್ದೇಶಕನಿಗೆ ಎಷ್ಟು ಎದೆಗಾರಿಕೆ ಬೇಕು ಎಂದು ಯೋಚಿಸಿ.

ಗರಡಿಮನೆ

ಕಿವಿಯ ವಿಷಯದಲ್ಲಿ ಗುಡೆನ್ ಹೇಳಿದ್ದು ನೂರಕ್ಕೆ ನೂರು ಸತ್ಯವೆಂದು ನಾನು ಯಾವ ಪುಸ್ತಕವನ್ನೂ ಓದದೆ ಹೇಳಬಲ್ಲೆ. ನಮ್ಮ ತಾತ ಮೈಸೂರಿನಲ್ಲಿ ಕುಸ್ತಿ ಆಡುತ್ತಿದ್ದವರು. ಅವರ ಎರಡು ಕಿವಿಗಳೂ ಹುರಿಗಡಲೆಯಂತೆ ಗಂಟುಗಂಟಾಗಿದ್ದವು, ಚಿಕ್ಕಂದಿನಲ್ಲಿ ನಾವು ಬೆರಳಿನಿಂದ ಒತ್ತಿ ನೋಡಿದರೆ ಒಳಗೆ ಮೂಳೆಯಷ್ಟು ಗಟ್ಟಿ. ಅವರ ಕಾಲದ ಪೈಲ್ವಾನರೆಲ್ಲರ ಕಿವಿಯೂ ಹಾಗೆಯೇ ಇತ್ತು. ಅವರಲ್ಲಿ ಯಾರಿಗೂ ಹುಚ್ಚು ಹಿಡಿದಿರಲಿಲ್ಲ!

ತುಂಗಾತೀರ

ವಾರ್ಡ್ ನಂ. 7 ಅವರೇ, ನನ್ನ ಗೊಂದಲದ ಮೂಲವೂ ಇದೇ. ರೋಗಿಯ ಮೈಯನ್ನು ಕಣ್ಣಾರೆ ಕಂಡು, ಪರಿಚಾರಕರ ಮಾತನ್ನು ನಂಬದೆ ಹೆಸರು ಗಳಿಸಿದ ವೈದ್ಯ, ಕೊನೆಗೆ ರೋಗಿಯನ್ನು ಕಾಣದೆ, ಪರಿಚಾರಕರ ಮಾತನ್ನೇ ನಂಬಿ ವರದಿ ಬರೆದರಲ್ಲ.

ಹಳೇ ಕರಿಕೋಟು

ಸರಿಯಾದ ಜಾಗಕ್ಕೇ ಕೈಯಿಟ್ಟಿರಿ. ವರದಿಗೆ ಆಧಾರವಾದ ಹೇಳಿಕೆಗಳು ಹೆಚ್ಚಿನಂಶ ಅರಮನೆಯ ಸೇವಕರವು, ಲಾಯದ ಅಧಿಕಾರಿಗಳವು, ಅವುಗಳಲ್ಲಿ ಬಹುಪಾಲನ್ನು ಕಲೆಹಾಕಿದವನು ರಾಜನ ವಿರೋಧಕ್ಕೆ ನಿಂತ ಕೌಂಟ್ ಹೋಲ್ನ್‌ಸ್ಟೈನ್. ಮಯರ್ ಎಂಬ ಸೇವಕನ ಮುಖವನ್ನು ನೋಡಲಾರೆನೆಂದು ರಾಜ ಅವನಿಗೆ ಕಪ್ಪು ಮುಖವಾಡ ಹಾಕಿಸಿದ್ದ. ಇನ್ನೊಬ್ಬನಿಗೆ ಬುದ್ಧಿ ಸಾಲದೆಂದು ಹಣೆಗೆ ಅರಗಿನ ಮುದ್ರೆ ಅಂಟಿಸಿಕೊಂಡು ಬರಲು ಹೇಳಿದ್ದ. ಸೇವಕರು ಸೊಂಟ ಬಗ್ಗಿಸಿ, ತಲೆಯೆತ್ತದೆ ಒಳಗೆ ಬರಬೇಕಿತ್ತು. ಇವೆಲ್ಲ ವರದಿಯಲ್ಲಿವೆ. ಇವು ನಡೆದೇ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ರಾಜನ ಪರವಾಗಿ ನುಡಿಯಬಲ್ಲ ಒಬ್ಬರನ್ನೂ ಕರೆಸದೆ, ಎದುರು ಪ್ರಶ್ನೆಗೆ ಅವಕಾಶ ಕೊಡದೆ ತೆಗೆದುಕೊಂಡ ಸಾಕ್ಷ್ಯಕ್ಕೆ ಬೆಲೆ ಎಷ್ಟು?

ವಾರ್ಡ್ ನಂ. 7

ಸರ್, ಆದರೆ ನಿಮ್ಮ ವಾದಕ್ಕೆ ಒಂದು ಮಿತಿಯೂ ಇದೆ. ರಾಜ ಮಂತ್ರಿಗಳನ್ನೇ ಹತ್ತಿರ ಸೇರಿಸುತ್ತಿರಲಿಲ್ಲ, ಹುಚ್ಚಾಸ್ಪತ್ರೆಯ ನಿರ್ದೇಶಕನನ್ನು ಕೂರಿಸಿಕೊಂಡು ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದನೇ? ಪರೀಕ್ಷೆಗೆ ಒಪ್ಪದ ರೋಗಿಯ ವಿಷಯದಲ್ಲಿ ಮನೆಯವರ ಹೇಳಿಕೆಯ ಮೇಲೆ ತೀರ್ಮಾನಕ್ಕೆ ಬರುವ ಸಂದರ್ಭ ಇವತ್ತಿಗೂ ಬರುತ್ತದೆ. ಜೊತೆಗೆ ಗುಡೆನ್ ಒಟ್ಟೊನ ಕಾಯಿಲೆ ಬೆಳೆಯುವುದನ್ನು ವರ್ಷಗಟ್ಟಲೆ ಕಣ್ಣೆದುರಿಗೆ ಕಂಡಿದ್ದರು. ಅಣ್ಣನಲ್ಲಿಯೂ ಅದೇ ದಾರಿಯನ್ನು ಕಂಡಿರಬಹುದು. ಅದು ತಪ್ಪಾಗಿತ್ತೆಂದು ಹೇಳಿ, ಒಪ್ಪುತ್ತೇನೆ. ಕಾಗದ ಮಾರಿಕೊಂಡರೆಂದು ಹೇಳಬೇಡಿ.

ಸಂದೇಹಿ

ಮಾರಿಕೊಂಡರೆಂದು ನಾನು ಹೇಳಲಿಲ್ಲ, ಬರೆದುಕೊಟ್ಟರೆಂದೆ. ನಾಯ್‌ಶ್ವಾನ್‌ಸ್ಟೈನ್‌ನಲ್ಲಿ ರಾಜ ಸ್ವತಃ ಅವರನ್ನು ಕೇಳಿದನಂತೆ, ನೀನು ನನ್ನನ್ನು ಪರೀಕ್ಷಿಸಿಯೇ ಇಲ್ಲ, ಹುಚ್ಚನೆಂದು ಹೇಗೆ ಸಾರಿದೆ ಎಂದು. ಅದರ ಅಗತ್ಯವಿರಲಿಲ್ಲ, ಕಡತದಲ್ಲಿರುವ ಪುರಾವೆ ಹೇರಳವಾಗಿದೆ ಎಂಬ ಅರ್ಥದ ಉತ್ತರ ಕೊಟ್ಟರೆಂದು ಅಲ್ಲಿದ್ದವರ ವರದಿಗಳು ಹೇಳುತ್ತವೆ. ಆ ಪ್ರಶ್ನೆ ಕೇಳಿದವನಿಗೆ ಹುಚ್ಚೋ, ಉತ್ತರ ಕೊಟ್ಟವರಿಗೆ ದರ್ಪವೋ ನೀವೇ ಹೇಳಿ.

ಇಜಾರ್ ದಂಡೆ

ನಾನು ಉದ್ಯೋಗನಿಮಿತ್ತ ಮ್ಯೂನಿಕ್‌ನಲ್ಲಿದ್ದೇನೆ, ಆ ಸ್ಥಳಗಳನ್ನು ನೋಡಿರುವುದರಿಂದ ಆ ದಿನಗಳ ಕ್ರಮವನ್ನು ಹೇಳುತ್ತೇನೆ. ರಾಜನನ್ನು ಕರೆದೊಯ್ಯಲು ಎರಡು ಸಲ ತಂಡ ಹೋಗಿತ್ತು. ಮೊದಲನೆಯದು ಜೂನ್ 10ರ ನಸುಕಿನಲ್ಲಿ ನಾಯ್‌ಶ್ವಾನ್‌ಸ್ಟೈನ್ ಬಾಗಿಲಿಗೆ ಹೋದಾಗ ಪೊಲೀಸರು ಒಳಗೆ ಬಿಡಲಿಲ್ಲ. ಸುತ್ತಲ ಹಳ್ಳಿಗರು, ಅಗ್ನಿಶಾಮಕ ದಳದವರು ರಾಜನ ಪರವಾಗಿ ಬಂದು ನಿಂತರು. ರಾಜಭಕ್ತೆಯಾದ ಮಹಿಳೆಯೊಬ್ಬಳು ಕೊಡೆ ಹಿಡಿದು ಬಂದು ತಂಡದವರನ್ನು ಬಾಯಿಗೆ ಬಂದಂತೆ ಬೈದಳು. ಕೊನೆಗೆ ಗುಡೆನ್ ಸೇರಿದಂತೆ ತಂಡದವರನ್ನೇ ಕೆಲವು ಗಂಟೆ ಹೆಬ್ಬಾಗಿಲಿನ ಕಟ್ಟಡದಲ್ಲಿ ಕೂಡಿಹಾಕಿದ್ದರು.

ಎರಡನೆಯ ತಂಡ ಜೂನ್ 12ರ ಬೆಳಗಿನ ಜಾವ ರಾಜನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೊರಟಿತು. ಗಾಡಿಯ ಬಾಗಿಲನ್ನು ಒಳಗಿನಿಂದ ತೆರೆಯಲು ಬಾರದಂತೆ ಮಾಡಿದ್ದರು. ದಾರಿಯಲ್ಲಿ ಜೀಸ್‌ಹಾಪ್ಟ್ ಎಂಬಲ್ಲಿ ಕುದುರೆ ಬದಲಿಸುವಾಗ ಅವನು ಛತ್ರದ ಹೆಂಗಸಿನಿಂದ ಒಂದು ಲೋಟ ನೀರು ಕೇಳಿ ಕುಡಿದ. ಮಧ್ಯಾಹ್ನದ ಹೊತ್ತಿಗೆ ಸ್ಟಾರ್ನ್‌ಬೆರ್ಗ್ ಸರೋವರದ ದಂಡೆಯ ಬೆರ್ಗ್ ಅರಮನೆ ತಲುಪಿದರು. ಅಲ್ಲಿ ಬಾಗಿಲುಗಳಿಗೆ ಇಣುಕುವ ತೂತು ಕೊರೆದಿದ್ದರು. ಕೈಕಟ್ಟುವ ಅಂಗಿಯನ್ನು ತೆಗೆಸಿದ ಮನುಷ್ಯನ ಉಸ್ತುವಾರಿಯಲ್ಲೇ ಬಾಗಿಲಿಗೆ ತೂತು ಬಿದ್ದದ್ದನ್ನು ಓದಿದಾಗ ನನಗೆ ಸ್ವಲ್ಪ ಕಸಿವಿಸಿಯಾಯಿತು.

ಮರುದಿನ ಭಾನುವಾರ, ಪೆಂಟೆಕೋಸ್ಟ್ ಹಬ್ಬ. ಬೆಳಿಗ್ಗೆ ಇಬ್ಬರೂ ದಂಡೆಯ ಮೇಲೆ ನಡೆದಾಡಿದಾಗ ಪರಿಚಾರಕರು ಹಿಂದೆ ಇದ್ದರು, ಏನೂ ತೊಂದರೆಯಾಗಲಿಲ್ಲ. ಇಲ್ಲಿ ಎಲ್ಲವೂ ಅದ್ಭುತವಾಗಿ ನಡೆದಿದೆ ಎಂದು ಗುಡೆನ್ ಮ್ಯೂನಿಕ್‌ಗೆ ತಂತಿ ಕಳಿಸಿದರು. ಸಂಜೆ ಆರೂವರೆಯ ಸುಮಾರಿಗೆ ಮತ್ತೆ ಹೊರಟಾಗ ಪರಿಚಾರಕರು ಬರುವುದು ಬೇಡವೆಂದರು, ಎಂಟಕ್ಕೆ ಹಿಂತಿರುಗುತ್ತೇವೆ ಎಂದರು. ಎಂಟಾದರೂ ಬರಲಿಲ್ಲ, ಹುಡುಕಾಟ ಶುರುವಾಯಿತು. ಸಹಾಯಕ ವೈದ್ಯ ಮ್ಯುಲರ್ ಅರಮನೆಯ ಮೇಲ್ವಿಚಾರಕನೊಂದಿಗೆ ಬೆಸ್ತರವನೊಬ್ಬನ ದೋಣಿಯಲ್ಲಿ ಹೋಗಿ ನೋಡಿದಾಗ ಇಬ್ಬರೂ ದಂಡೆಗೆ ಹತ್ತಿರದಲ್ಲೇ, ನಿಂತರೆ ಮುಳುಗದಷ್ಟು ನೀರಿನಲ್ಲಿ ಸಿಕ್ಕರು. ಆಗ ರಾತ್ರಿ ಹನ್ನೊಂದರ ಆಸುಪಾಸು. ರಾಜನ ಗಡಿಯಾರ 6 ಗಂಟೆ 54 ನಿಮಿಷಕ್ಕೆ ನಿಂತಿತ್ತು.

ಅಲ್ಲಿ ಈಗ ನೀರಿನಲ್ಲಿ ಒಂದು ಶಿಲುಬೆ ನೆಟ್ಟಿದ್ದಾರೆ, ಮೇಲಿನ ದಿಣ್ಣೆಯಲ್ಲಿ 1900ರಲ್ಲಿ ಮುಗಿದ ಸ್ಮಾರಕ ಚರ್ಚಿದೆ. ಪ್ರತಿವರ್ಷ ಜೂನ್‌ನಲ್ಲಿ ರಾಜನ ಅಭಿಮಾನಿಗಳು ಸೇರಿ ಹೂವಿಡುತ್ತಾರೆ. ಎಲ್ಲವೂ ರಾಜನಿಗೇ.

ಬಿಳಿ ಸೆರಗು

ನಾನು ಮಾನಸಿಕ ರೋಗಿಗಳ ವಾರ್ಡಿನಲ್ಲಿ ಬಹಳ ವರ್ಷ ಸಿಸ್ಟರ್ ಆಗಿ ದುಡಿದು ನಿವೃತ್ತಳಾದವಳು. ವಕೀಲರು ವರದಿಯ ಬಗ್ಗೆ ಜಗಳವಾಡಲಿ, ನನಗೆ ಆ ಸಂಜೆಯ ವಿಷಯದಲ್ಲಿ ಎರಡು ಮಾತು ಹೇಳಬೇಕೆನಿಸಿತು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಹಿರಿಯ ಸಿಸ್ಟರ್ ಒಂದು ಪಾಠ ಹೇಳಿಕೊಟ್ಟಿದ್ದರು. ನಿನ್ನೆಯವರೆಗೆ ಅರಚುತ್ತಿದ್ದ ರೋಗಿ ಇವತ್ತು ಇದ್ದಕ್ಕಿದ್ದಂತೆ ಶಾಂತನಾಗಿ, ಊಟ ಮಾಡಿ, ನಮಸ್ಕಾರ ಹೇಳಿ, ತೋಟದಲ್ಲಿ ಓಡಾಡಿ ಬರುತ್ತೇನೆಂದರೆ ಆ ದಿನ ಅವನ ಹಿಂದೆ ಒಬ್ಬರ ಬದಲು ಇಬ್ಬರು ಇರಬೇಕು. ನಾವು ರೋಗಿಯ ಪಕ್ಕಕ್ಕೆ ಅಂಟಿಕೊಂಡು ನಡೆಯುತ್ತಿರಲಿಲ್ಲ, ಅವನಿಗೆ ಅವಮಾನವಾಗುತ್ತದೆ. ಎರಡು ಹೆಜ್ಜೆ ಹಿಂದೆ, ಬಾವಿಯೋ ಗೋಡೆಯೋ ಇದ್ದರೆ ಅದರ ಕಡೆಯ ಮಗ್ಗುಲಲ್ಲಿ ನಾವು, ಈ ಕಡೆ ಅವನು. ಮಾತು ಮಾತ್ರ ಊರಿನದು, ಮಳೆಯದು.

ಬೆಳಿಗ್ಗೆ ಜೊತೆಗಿದ್ದ ಪರಿಚಾರಕರನ್ನು ಗುಡೆನ್ ಸಂಜೆ ಬಿಟ್ಟು ಹೊರಟರು. ರಾಜನಿಗೆ 40 ವರ್ಷ, 1.91 ಮೀಟರ್ ಎತ್ತರದ ದೊಡ್ಡ ಆಳು. ವೈದ್ಯರಿಗೆ ಹಿಂದಿನ ವಾರವಷ್ಟೇ 62 ತುಂಬಿತ್ತು. ಅರಮನೆಯಿಂದ ಕೆಳಗಿಳಿಸಿದ, ಬಾಗಿಲಿಗೆ ತೂತು ಕೊರೆದ ಮನೆಯಲ್ಲಿ ಕೂಡಿಹಾಕಿದ ಮನುಷ್ಯ ಒಂದೇ ದಿನದಲ್ಲಿ ಒಗ್ಗಿಕೊಂಡನೆಂದು ಅಷ್ಟು ಅನುಭವಸ್ಥರು ನಂಬಿದ್ದು ನನಗೆ ವರದಿಗಿಂತಲೂ ದೊಡ್ಡ ಆಶ್ಚರ್ಯ.

ವಾರ್ಡ್ ನಂ. 7

ಸಿಸ್ಟರ್, ನನಗೆ ಅದು ಆಶ್ಚರ್ಯವೆನಿಸುವುದಿಲ್ಲ. ರೋಗಿಯನ್ನು ಕಟ್ಟಿದಷ್ಟೂ ಕೆರಳುತ್ತಾನೆ, ಬಿಟ್ಟಷ್ಟೂ ತಣ್ಣಗಾಗುತ್ತಾನೆ ಎಂದು ಅವರು ವೆರ್ನೆಕ್‌ನಲ್ಲಿ 14 ವರ್ಷ ಕಂಡಿದ್ದರು. ಪರಿಚಾರಕರ ಕೈ ರೋಗಿಯ ಕಿವಿಗೂ ಎದೆಗೂ ಏನು ಮಾಡುತ್ತದೆಂದು ಅವರಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಆ ಸಂಜೆ ಪರಿಚಾರಕರನ್ನು ಹಿಂದೆ ಕಳಿಸಿದ್ದು ಅದೇ ಗುಡೆನ್ ಎಂದು ನನಗನಿಸುತ್ತದೆ.

ಬಿಳಿ ಸೆರಗು

ಇರಬಹುದಮ್ಮ. ಆದರೆ ಕಟ್ಟದಿರುವುದು ಬೇರೆ, ಕಾಯದಿರುವುದು ಬೇರೆ. ಕಟ್ಟದ ವಾರ್ಡಿಗೆ ಜಾಸ್ತಿ ಜನ ಬೇಕು, ಕಡಿಮೆ ಅಲ್ಲ. ಅದು ನಿಮಗೂ ಡ್ಯೂಟಿ ಬಿದ್ದಾಗ ತಿಳಿಯುತ್ತದೆ.

ಮಲ್ಲಿಗೆ ಮೊಗ್ಗು

ಇಬ್ಬರನ್ನೂ ಗುಂಡಿಟ್ಟು ಕೊಂದರೆಂದು ಒಂದು ವಿಡಿಯೊದಲ್ಲಿ ನೋಡಿದ್ದೆ. ರಾಜ ಒಳ್ಳೆಯ ಈಜುಗಾರನೂ ಆಗಿದ್ದನಂತೆ. ಯಾರಾದರೂ ಅದರ ಬಗ್ಗೆ ಬರೆಯಿರಿ.

ಹಳೇ ಕರಿಕೋಟು

ದಯವಿಟ್ಟು ಬೇಡ. ಆ ಬಾಗಿಲು ತೆರೆದರೆ ಈ ಚರ್ಚೆ ನೂರು ಪುಟ ಹೋಗುತ್ತದೆ. ಗುಡೆನ್‌ರ ಮುಖದಲ್ಲಿ ಪರಚಿದ ಗಾಯ, ಹಣೆಯ ಬಳಿ ಬಾವು, ಒಂದು ಬೆರಳಿನ ಉಗುರು ಹರಿದಿತ್ತು ಎಂಬಷ್ಟು ದಾಖಲೆಯಲ್ಲಿದೆ. ತಡೆಯಲು ಹೋಗಿ ಸೆಣಸಾಡಿದ್ದಾರೆಂದು ಊಹಿಸಲು ಅಷ್ಟು ಸಾಕು, ಅದರಾಚೆಗೆ ನೋಡಿದವರು ಯಾರೂ ಬದುಕಿ ಉಳಿಯಲಿಲ್ಲ.

ಸೂಕ್ಷ್ಮದರ್ಶಕ

ನಾನು ಕಾಲೇಜೊಂದರಲ್ಲಿ ಅಂಗರಚನಾಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಮಕ್ಕಳಿಗೆ ಗುಡೆನ್ ಎಂಬ ಹೆಸರು ಗೊತ್ತಿರುವುದು ರಾಜನಿಂದಲ್ಲ, ಮಿದುಳುಕಾಂಡದಲ್ಲಿರುವ ಗುಡೆನ್‌ನ ಟೆಗ್ಮೆಂಟಲ್ ನ್ಯೂಕ್ಲಿಯಸ್ ಎಂಬ ನರಕೋಶಗಳ ಗುಂಪುಗಳಿಂದ. ದೃಷ್ಟಿನರಗಳ ಹಿಂದೆ ಹಾಯುವ ಒಂದು ಎಳೆಕಟ್ಟಿಗೂ ಅವರದೇ ಹೆಸರು.

ಅವರ ವಿಧಾನ ಸರಳ, ಸ್ವಲ್ಪ ಕ್ರೂರ ಎಂದೂ ಹೇಳಬಹುದು. ಆಗತಾನೆ ಹುಟ್ಟಿದ ಮೊಲದ ಮರಿಯ ಒಂದು ಕಣ್ಣನ್ನೋ ಮಿದುಳಿನ ಒಂದು ಚೂರನ್ನೋ ತೆಗೆದುಬಿಡುವುದು, ಮರಿ ಬೆಳೆದ ಮೇಲೆ ಮಿದುಳನ್ನು ಕತ್ತರಿಸಿ ಎಲ್ಲೆಲ್ಲಿ ಸೊರಗಿದೆ ಎಂದು ನೋಡುವುದು. ಸೊರಗಿದ ಜಾಗವೆಲ್ಲ ತೆಗೆದ ಭಾಗಕ್ಕೆ ಸೇರಿದ್ದೆಂದು ಲೆಕ್ಕ. ಎಳೆಯ ಮಿದುಳಿನಲ್ಲಿ ಈ ಸೊರಗುವಿಕೆ ಬೇಗ, ಸ್ಪಷ್ಟವಾಗಿ ಆಗುತ್ತದೆ ಎಂಬುದೇ ಅದರ ಗುಟ್ಟು. ಬಲಗಣ್ಣಿನ ಎಳೆಗಳು ಎಷ್ಟು ಎಡಕ್ಕೆ ದಾಟುತ್ತವೆ, ಎಷ್ಟು ದಾಟದೆ ಉಳಿಯುತ್ತವೆ ಎಂಬ ಹಳೆಯ ತಕರಾರಿನಲ್ಲಿ ಇದು ಬಹಳ ಕೆಲಸಕ್ಕೆ ಬಂತು.

ಕತ್ತರಿಸಲು ಬೇಕಾದ ಮೈಕ್ರೊಟೋಮ್ ಯಂತ್ರವನ್ನೂ ಅವರೇ ರೂಪಿಸಿದರು. ಒಂದು ಕೊಳವೆಯೊಳಗೆ ಮಿದುಳನ್ನು ಮೇಣದಂಥ ಪದಾರ್ಥದಲ್ಲಿ ಕೂರಿಸಿ, ತಳದ ತಿರುಪನ್ನು ಕೊಂಚಕೊಂಚವೇ ತಿರುಗಿಸಿ ಮೇಲಕ್ಕೆತ್ತುತ್ತ, ನೀರಿನೊಳಗೇ ಅಗಲವಾದ ಕತ್ತಿಯನ್ನು ಎಳೆಯಬೇಕು. ತೆಳುವಾದ ಬಿಲ್ಲೆ ನೀರಿನಲ್ಲಿ ತೇಲಿ ಬರುತ್ತದೆ, ಹರಿಯುವುದಿಲ್ಲ. ಇದನ್ನೇ ಬಳಸಿ ಅವರ ಸಹಾಯಕ ಔಗುಸ್ಟ್ ಫೊರೆಲ್ 1875ರ ಸುಮಾರಿಗೆ ಇಡೀ ಮನುಷ್ಯ ಮಿದುಳನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿದ. ಮೊದಲು ರಚನೆ, ಆಮೇಲೆ ಕೆಲಸ. ಕೆಲಸವನ್ನೇ ಮೊದಲು ನೋಡುವುದಾದರೆ ರಚನೆಯನ್ನು ಬಿಟ್ಟು ನೋಡಬೇಡ ಎಂಬುದು ಗುಡೆನ್‌ರ ನಿಲುವಾಗಿತ್ತು.

ಕಲ್ಲುಸಕ್ಕರೆ

ಬೆಳಿಗ್ಗೆ ರೋಗಿಗಳು, ಮಧ್ಯಾಹ್ನ ಮೊಲಗಳು. ರೋಗಿಗಳಿಗೆ ಎಷ್ಟು ಸಮಯ ಉಳಿಯುತ್ತಿತ್ತೋ!

ಸೂಕ್ಷ್ಮದರ್ಶಕ

ನೀವು ತಮಾಷೆಗೆ ಕೇಳಿದ್ದನ್ನು ಅವರ ಶಿಷ್ಯ ಎಮಿಲ್ ಕ್ರೇಪೆಲಿನ್ ಗಂಭೀರವಾಗಿಯೇ ಯೋಚಿಸಿದ್ದ. 1878ರಲ್ಲಿ ಮ್ಯೂನಿಕ್‌ಗೆ ಸಹಾಯಕನಾಗಿ ಬಂದಾಗ ಅಲ್ಲಿನ ವಾರ್ಡುಗಳ ಗದ್ದಲ, ಗಲೀಜು, ಹಿಂಸೆ ನೋಡಿ ದಿಕ್ಕೆಟ್ಟದ್ದನ್ನು ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಗುಡೆನ್‌ಗೆ ರೋಗಗಳನ್ನು ವಿಂಗಡಿಸುವ ಉತ್ಸಾಹ ಕಡಿಮೆ, ಮಿದುಳಿನ ರಚನೆ ತಿಳಿಯದೆ ಅದೆಲ್ಲ ಗಾಳಿಗೆ ಗುದ್ದಿದಂತೆ ಎಂಬ ಭಾವನೆ. ಕ್ರೇಪೆಲಿನ್‌ಗೆ ಸೂಕ್ಷ್ಮದರ್ಶಕದ ಕೆಲಸ ಹಿಡಿಸಲಿಲ್ಲ. ಲೈಪ್‌ಜಿಗ್‌ನ ವುಂಟ್‌ನ ಮನೋವಿಜ್ಞಾನದ ಪ್ರಯೋಗಶಾಲೆಯತ್ತ ಹೊರಟ, ಮುಂದೆ ಇಡೀ ಜಗತ್ತಿನ ಮನೋರೋಗಗಳ ವಿಂಗಡಣೆಯೇ ಅವನ ಹೆಸರಿಗೆ ಬಂತು. ಗುರು ಬೇಡವೆಂದದ್ದನ್ನೇ ಶಿಷ್ಯ ಮಾಡಿ ಗೆದ್ದ.

ಫ್ರಾಂಜ್ ನಿಸ್ಲ್‌ನದು ಬೇರೆ ಕಥೆ. ಮ್ಯೂನಿಕ್ ವಿಶ್ವವಿದ್ಯಾಲಯ ನರಕೋಶಗಳ ಬಗ್ಗೆ ಬಹುಮಾನದ ಪ್ರಬಂಧ ಕರೆದಾಗ ಇನ್ನೂ ವಿದ್ಯಾರ್ಥಿಯಾಗಿದ್ದ ಈತ ಹೊಸ ಬಣ್ಣದ ವಿಧಾನವೊಂದನ್ನು ಕಂಡುಹಿಡಿದು ಗೆದ್ದ. ತೀರ್ಪುಗಾರರಾಗಿದ್ದ ಗುಡೆನ್ ಅವನನ್ನು ತಮ್ಮಲ್ಲಿಗೇ ಸೇರಿಸಿಕೊಂಡರು. ಒಟ್ಟೊನನ್ನು ಇಟ್ಟಿದ್ದ ಫ್ಯುರ್ಸ್ಟೆನ್‌ರೀಡ್ ಅರಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುತ್ತಲೇ ಅವನು ಅಲ್ಲಿನ ಪುಟ್ಟ ಪ್ರಯೋಗಶಾಲೆಯಲ್ಲಿ ಕೋಶಗಳಿಗೆ ಬಣ್ಣ ಹಾಕುತ್ತಿದ್ದ. ನಿಸ್ಲ್ ಬಣ್ಣ ಈಗಲೂ ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿದೆ.

ತುಂಗಾತೀರ

ಓಸ್ಕರ್ ಪಾನಿತ್ಸಾ ಎಂಬ ಲೇಖಕನೂ 1882ರಿಂದ ಎರಡು ವರ್ಷ ಅಲ್ಲೇ ಸಹಾಯಕ ವೈದ್ಯನಾಗಿದ್ದನಲ್ಲವೇ? ಆಮೇಲೆ ಕೆಲಸ ಬಿಟ್ಟು ನಾಟಕ ಬರೆದು, ದೇವನಿಂದೆಯ ಆರೋಪದ ಮೇಲೆ ಜೈಲಿಗೆ ಹೋಗಿ, ಕೊನೆಗೆ ತಾನೇ ರೋಗಿಯಾಗಿ ಬೈರಾಯ್ಟ್‌ನ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇದ್ದು 1921ರಲ್ಲಿ ಸತ್ತ.

ಬೆಂದಕಾಳು

ವಿಷಯಾಂತರಕ್ಕೆ ಕ್ಷಮೆಯಿರಲಿ, ನಿಸ್ಲ್ ಹೆಸರು ಬಂದದ್ದರಿಂದ ಹೇಳುತ್ತೇನೆ. ನಿಸ್ಲ್ ಮುಂದೆ ಹೈಡೆಲ್‌ಬೆರ್ಗ್ ಚಿಕಿತ್ಸಾಲಯದ ಮುಖ್ಯಸ್ಥನಾದ; ಅಲ್ಲಿ ತರಬೇತಾದವರಲ್ಲಿ ವಿಲ್ಹೆಲ್ಮ್ ಮಾಯರ್-ಗ್ರೋಸ್ ಒಬ್ಬರು. ಯಹೂದಿಯಾದ ಅವರು 1933ರಲ್ಲಿ ಜರ್ಮನಿ ಬಿಟ್ಟು ಬ್ರಿಟನ್ನಿಗೆ ಹೋದರು, 1950ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಾರರಾಗಿ ನಮ್ಮ ಬೆಂಗಳೂರಿಗೆ ಬಂದರು. ಮುಂದೆ ನಿಮ್ಹಾನ್ಸ್ ಆದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ, ಎಂ.ವಿ. ಗೋವಿಂದಸ್ವಾಮಿಯವರ ನಿರ್ದೇಶನದಲ್ಲಿ ಶುರುವಾಗುವ ಮುನ್ನ ಅದರ ತಯಾರಿಯಲ್ಲಿ ಅವರ ಪಾಲೂ ಇತ್ತು.

ಸಂದೇಹಿ

ಅಂದರೆ ಗುಡೆನ್ ನಮಗೆ ಮುತ್ತಜ್ಜ ಎನ್ನುತ್ತೀರಾ? ಇನ್ನು ಬೈಯುವುದು ಕಷ್ಟ.

ಸೂಕ್ಷ್ಮದರ್ಶಕ

ಅಷ್ಟು ಎಳೆಯಬೇಡಿ. ಹೈಡೆಲ್‌ಬೆರ್ಗ್‌ನಲ್ಲಿ ಕ್ರೇಪೆಲಿನ್ ಪ್ರಭಾವವೇ ದೊಡ್ಡದು, ಮಾಯರ್-ಗ್ರೋಸ್ ಅಂಗರಚನೆಯವರಲ್ಲ, ರೋಗಿಯ ಅನುಭವವನ್ನು ಅವನ ಬಾಯಿಂದಲೇ ಕೇಳಿ ಬರೆದುಕೊಳ್ಳುವ ಪಂಥದವರು.

ತುಂಗಾತೀರ

ಮತ್ತೆ ಮೂಲ ಪ್ರಶ್ನೆಗೆ ಬರೋಣ. ವರದಿಯಲ್ಲಿನ ರೋಗನಿರ್ಣಯ ಸರಿಯಿತ್ತೇ ಎಂಬುದನ್ನು ಈಗಿನ ವೈದ್ಯರು ಏನೆನ್ನುತ್ತಾರೆ?

ವಾರ್ಡ್ ನಂ. 7

ಒಮ್ಮತವಿಲ್ಲ. ಮಾನ್‌ಹೈಮ್‌ನ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಕಟ್ಟಿದ ಹೈನ್ಸ್ ಹೆಫ್ನರ್ ಹಳೆಯ ಕಡತಗಳನ್ನೆಲ್ಲ ತಿರುವಿಹಾಕಿ, ರಾಜನಿಗೆ ಪ್ಯಾರನೋಯಾ ಇರಲಿಲ್ಲ, ಜನರ ಎದುರಿಗೆ ಬರಲು ಅಂಜಿಕೆಯೂ ಕಟ್ಟಡದ ಗೀಳೂ ಇದ್ದವು ಎಂಬ ತೀರ್ಮಾನಕ್ಕೆ ಬಂದರು. ಮ್ಯೂನಿಕ್‌ನ ಹಾನ್ಸ್ ಫೋರ್ಸ್ಟಲ್ ಮತ್ತು ಸಂಗಡಿಗರು ಶವಪರೀಕ್ಷೆಯಲ್ಲಿ ಮಿದುಳಿನ ಮುಂಭಾಗದಲ್ಲಿ ಕಂಡ ಬದಲಾವಣೆಗಳನ್ನು ಹಿಡಿದು, ಅದು ಮುಂಭಾಗದ ಮಿದುಳು ಸವೆಯುವ ಕಾಯಿಲೆಯ ಆರಂಭವಾಗಿರಬಹುದೆಂದರು. ಮಿದುಳಿನ ತೂಕ 1,349 ಗ್ರಾಂ ಎಂದು ದಾಖಲಾಗಿದೆ. ಎರಡನೆಯದು ನಿಜವಾದರೆ ಹೆಸರು ತಪ್ಪಿದ್ದರೂ ವಾಸಿಯಾಗದು ಎಂಬ ಮಾತು ತಪ್ಪಲಿಲ್ಲ.

ಹಳೇ ಕರಿಕೋಟು

ನಗು ಬರುತ್ತದೆ ಮೇಡಂ. 120 ವರ್ಷದ ಮೇಲೆ ಮತ್ತೆ ವೈದ್ಯರು ರಾಜನನ್ನು ನೋಡದೆ, ಅದೇ ಕಡತದಿಂದ, ಅದೇ ಸೇವಕರ ಹೇಳಿಕೆಯಿಂದ ರೋಗನಿರ್ಣಯ ಮಾಡುತ್ತಿದ್ದಾರೆ.

ವಾರ್ಡ್ ನಂ. 7

ಸರ್, ಇವರ ತೀರ್ಮಾನದಿಂದ ಯಾರ ಮನೆಯ ಬಾಗಿಲಿಗೂ ತೂತು ಬೀಳುವುದಿಲ್ಲವಲ್ಲ, ಅದೇ ವ್ಯತ್ಯಾಸ. ಆ ಮಟ್ಟಿಗೆ ನಿಮ್ಮ ಮಾತನ್ನು ಒಪ್ಪಿಕೊಳ್ಳುತ್ತೇನೆ: ಜಾಗರೂಕ ವೈದ್ಯ ಕಡತದಿಂದ ಅನುಮಾನ ಪಡಬಹುದು, ಒಂದು ತಿಂಗಳು ಜೊತೆಗಿದ್ದು ನೋಡಬೇಕು ಎಂದು ಬರೆಯಬಹುದು. ವಾಸಿಯಾಗದು, ಜೀವಮಾನವಿಡೀ ಎಂದು ಬರೆಯಲಾಗದು. ಕಿವಿಯ ಲೇಖನ ಬರೆದ 1860ರ ಗುಡೆನ್ ಎದುರಿಗೆ ಯಾರಾದರೂ ಅಂಥ ವರದಿ ಇಟ್ಟಿದ್ದರೆ ಅವರೇ ಹರಿದುಹಾಕುತ್ತಿದ್ದರೇನೋ.

ಸಂದೇಹಿ

ಇದನ್ನೇ ನಾನು ಮೊದಲ ಸಾಲಿನಲ್ಲಿ ಹೇಳಿದ್ದೆ.

ವಾರ್ಡ್ ನಂ. 7

ನೀವು ಹೇಳಿದ್ದು ಇದನ್ನಲ್ಲ.

ಬಿಳಿ ಸೆರಗು

ಅವರ ಹೆಂಡತಿ, ಮಕ್ಕಳು ಏನಾದರು? ಅದನ್ನು ಯಾರೂ ಬರೆಯಲಿಲ್ಲ.

ಇಜಾರ್ ದಂಡೆ

ದೊಡ್ಡ ಸಂಸಾರ ಸಿಸ್ಟರ್, ಒಂಬತ್ತು ಮಕ್ಕಳು. ಒಬ್ಬ ಮಗ ರುಡಾಲ್ಫ್ ಚಿತ್ರಕಾರನಾದ. ಅಳಿಯ ಗ್ರಾಶೈ ಮ್ಯೂನಿಕ್ ಆಸ್ಪತ್ರೆಯಲ್ಲಿ ಮಾವನ ಜಾಗಕ್ಕೆ ಬಂದ. ಗುಡೆನ್‌ರ ಸಮಾಧಿ ಇಲ್ಲಿನ ಓಸ್ಟ್‌ಫ್ರೀಡ್‌ಹೋಫ್ ಸ್ಮಶಾನದಲ್ಲಿದೆ. ನಾನು ಪ್ರತಿದಿನ ಕೆಲಸಕ್ಕೆ ಹೋಗುವಾಗ ಟ್ರಾಮಿನಲ್ಲಿ ಅದರ ಗೋಡೆಯ ಪಕ್ಕದಲ್ಲೇ ಹಾದುಹೋಗುತ್ತೇನೆ, ಒಮ್ಮೆಯೂ ಇಳಿದು ನೋಡಿಲ್ಲ. ಈ ಭಾನುವಾರ ಮಳೆ ಬಾರದಿದ್ದರೆ ಹೋಗಿ ಹುಡುಕಿ, ಸಿಕ್ಕಿದರೆ ಫೋಟೊ ಹಾಕುತ್ತೇನೆ.

ಗರಡಿಮನೆ

ಹೋದಾಗ ನನ್ನ ತಾತನ ಪರವಾಗಿಯೂ ಒಂದು ಹೂವಿಡಿ. ಅವರ ಕಿವಿಯನ್ನು ಹುಚ್ಚೆಂದು ಕರೆಯದೆ ಬಿಟ್ಟರಲ್ಲ.